ಎರಡೂ ಮುಳ್ಳು ಒಟ್ಟಿಗೆ ಸುಳ್ಳು ಹೇಳಿದಾಗ

ಅವಳು ಕಾರಿನಿಂದ ಇಳಿಯುವ ಮೊದಲೇ ಅವನು ಡಿಜಿಟಲ್ ಮೀಟರುಗಳ ಕ್ಯಾಟಲಾಗ್ ತಂದು ಬಾನೆಟ್ ಮೇಲೆ ಹರಡಿಬಿಟ್ಟ. ಆ ದಿನ ಅವನು ಮಾಡಿದ ಮೊದಲ ತಪ್ಪು ಅದು. ಎರಡನೆಯದಕ್ಕೆ ಇನ್ನೂ ಇಪ್ಪತ್ತು ನಿಮಿಷ ಇತ್ತು.

"ಇಲ್ನೋಡಿ ಮೇಡಂ, ನೀಲಿ ಲೈಟು! ಡ್ಯಾಶ್‌ಬೋರ್ಡು ಏರೋಪ್ಲೇನ್ ಥರ ಕಾಣುತ್ತೆ. ಹಳೇ ಡಬ್ಬ ಎಲ್ಲ ಕಿತ್ತು ಬಿಸಾಕಿ, ಮಧ್ಯಾಹ್ನದೊಳಗೆ..."

"ಬಾನೆಟ್ ಮೇಲಿಂದ ತೆಗೀತೀರಾ?"

"ಕ್ಯಾಟಲಾಗಾ?"

"ಕ್ಯಾಟಲಾಗು, ಅದರ ಪಿನ್ನು, ನಿಮ್ಮ ಕೈ. ಮೂರನ್ನೂ. ಆ ಪೇಂಟಿಗೆ ನನಗಿಂತ ವಯಸ್ಸಾಗಿದೆ."

ಅವನು ಕೈ ತೆಗೆದ. ಆಮೇಲೆಯೇ ಗಾಡಿಯನ್ನು ಸರಿಯಾಗಿ ನೋಡಿದ. ಬೂದಿಗೂ ಹಸಿರಿಗೂ ನಡುವಿನ ಒಂದು ಬಣ್ಣ, ಕಾರ್ಖಾನೆಯಲ್ಲಿ ಬಳಿದದ್ದು, ಆಮೇಲೆ ಯಾರೂ ಮುಟ್ಟಿಲ್ಲ. ಡ್ರೈವರ್ ಬಾಗಿಲ ಮೇಲೆ ಮೊಣಕೈ ಇಟ್ಟು ಇಟ್ಟು ಒಂದು ಅಂಗೈಯಷ್ಟು ಜಾಗ ತಗಡು ಕಾಣುವವರೆಗೆ ಸವೆದಿತ್ತು. ಸೀಟಿನ ಹೊಲಿಗೆ, ಕಿಟಕಿಯ ಹಿಡಿ, ಬಾಗಿಲ ರಬ್ಬರು ಎಲ್ಲ ಹುಟ್ಟಿದಾಗಿನದೇ.

"ಯಾರ ಮೊಣಕೈ?" ಎಂದ.

"ತಾತಂದು." ಅವಳು ಮೊದಲ ಸಲ ಅವನ ಮುಖ ನೋಡಿದಳು. "ಎಲ್ಲರೂ ಅದನ್ನ ನೋಡಿದ ತಕ್ಷಣ 'ಅಲ್ಲಿಗೆ ಸ್ವಲ್ಪ ಪೇಂಟ್ ಹೊಡೀಲಾ' ಅಂತಾರೆ. ನೀವೊಬ್ರೇ ಯಾರದ್ದು ಅಂತ ಕೇಳಿದ್ದು."

ಮೆಚ್ಚುಗೆಯೋ ಅನುಮಾನವೋ ಗೊತ್ತಾಗದ ಆ ನೋಟ ಎರಡು ಸೆಕೆಂಡು ಇತ್ತು. ಅವನಿಗೆ ಅಷ್ಟೇ ಸಾಕಾಯಿತು. ಪುಕ್ಕ ಕೆದರಿತು, ಡೈಲಾಗ್ ಹೊರಬಂತು.

"ಮೀಟರ್ ಕೆಟ್ಟ ಗಾಡಿಗೂ, ಮನಸ್ಸು ಕೆಟ್ಟ ಮನುಷ್ಯನಿಗೂ ಔಷಧಿ ಒಂದೇ ಮೇಡಂ. ಈ ಕೈ!"

"ಯಾವ ಸಿನಿಮಾದ್ದು?"

"ಸ್ವಂತದ್ದು."

"ಅಂದ್ಕೊಂಡೆ. ಒಂದು ವಾರಾನೂ ಓಡಲ್ಲ."

ಒಳಗೆ ಕಾರಿನ ಸೀಟು ಹೊಲಿಯುತ್ತಿದ್ದ ಅವನ ಅಕ್ಕನ ಮಿಷನ್ನು ಟಕ್ ಎಂದು ನಿಂತಿತು. ತಮ್ಮನ ಬಾಯಿ ಮುಚ್ಚಿಸಿದವರನ್ನು ಅವಳು ಎದ್ದು ಬಂದು ನೋಡುವ ಪದ್ಧತಿ ಇಟ್ಟುಕೊಂಡಿದ್ದಳು.

ಅವನನ್ನು ಆ ಗಲ್ಲಿಯಲ್ಲಿ ಎಲ್ಲರೂ 'ಮೀಟರ್' ಎಂದೇ ಕರೆಯುತ್ತಿದ್ದರು. ಬಸ್ ಡಿಪೋ ಹಿಂದಿನ ಉದ್ದ ಗಲ್ಲಿಯಲ್ಲಿ ಒಬ್ಬ ಎಂಜಿನ್ ನೋಡುತ್ತಿದ್ದ, ಒಬ್ಬ ಟಯರ್, ಇನ್ನೊಬ್ಬ ಬರೀ ಹಾರನ್. ಡ್ಯಾಶ್‌ಬೋರ್ಡಿನ ಮುಳ್ಳುಗಳು ಮಾತ್ರ ಇವನದ್ದು. ಸ್ಪೀಡು, ಪೆಟ್ರೋಲು, ಬಿಸಿ, ಆಯಿಲ್ಲು, ಯಾವ ಮುಳ್ಳು ಮುನಿಸಿಕೊಂಡರೂ ಇಲ್ಲಿಗೇ ಬರಬೇಕು.

ಅವಳು ಹಳೆ ದಾಖಲೆಗಳ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಹುಳ ತಿಂದ ಕಾಗದ, ಮಡಿಕೆಯಲ್ಲಿ ಹರಿದ ನಕಾಶೆ, ಒದ್ದೆಯಾಗಿ ಅಂಟಿಕೊಂಡ ಪುಸ್ತಕ, ಇವುಗಳನ್ನು ಉಳಿಸುವುದು ಅವಳ ಕೆಲಸ. ಅಲ್ಲಿನ ನಿಯಮವನ್ನೇ ಗಾಡಿಗೂ ತಂದಿದ್ದಳು. ಏನನ್ನೂ ಬದಲಾಯಿಸುವಂತಿಲ್ಲ. ಏನಾದರೂ ಸೇರಿಸಿದರೆ ನಾಳೆ ಬೇಡವೆಂದಾಗ ತೆಗೆಯಲು ಬರಬೇಕು.

"ಸಮಸ್ಯೆ ಏನು ಅಂತ ತೋರಿಸ್ತೀನಿ," ಎಂದು ಕೀ ತಿರುಗಿಸಿದಳು.

ಎರಡು ಮುಳ್ಳುಗಳೂ ಸೋಮಾರಿಗಳ ಹಾಗೆ ಎದ್ದವು, ಜೊತೆಜೊತೆಯಾಗಿ ನಡೆದವು, ಬಲಗಡೆಯ ತುದಿಗೆ ಹೋಗಿ ಒರಗಿಕೊಂಡವು. ಪೆಟ್ರೋಲ್ ಫುಲ್. ಎಂಜಿನ್ ಕುದಿಯುತ್ತಿದೆ. ಟ್ಯಾಂಕಿಗೆ ಕಡ್ಡಿ ಇಳಿಸಿದರೆ ನಾಲ್ಕೇ ಬೆರಳು ಪೆಟ್ರೋಲು. ರೇಡಿಯೇಟರ್ ಮುಟ್ಟಿದರೆ ಬೆಚ್ಚಗೆ ಅಷ್ಟೇ.

"ಎರಡು ತಿಂಗಳಿಂದ ಹೀಗೇ. ತಾತ ಈ ಗಾಡೀನ ನನಗೂ ಅಣ್ಣನಿಗೂ ಬಿಟ್ಟು ಹೋದ್ರು. ಈ ತಿಂಗಳ ಕೊನೇ ಭಾನುವಾರ ಅಣ್ಣನ ಮನೆಗೆ ಓಡಿಸ್ಕೊಂಡು ಹೋಗ್ಬೇಕು. ನೂರಿಪ್ಪತ್ತು ಕಿಲೋಮೀಟರ್, ಮಧ್ಯ ಒಂದು ಘಟ್ಟ. ಮಧ್ಯಾಹ್ನ ಹನ್ನೆರಡರೊಳಗೆ ದಾರೀಲಿ ಕೆಡದೆ ಹೋದ್ರೆ ಗಾಡಿ ನನಗೆ. ಇಲ್ಲಾಂದ್ರೆ ಮಾರೋಕೆ ಅಣ್ಣ ಒಬ್ಬ ಆಸಾಮೀನ ಕರೆದಿಟ್ಟಿದಾನೆ."

"ಆಸಾಮಿ ಏನ್ ಮಾಡ್ತಾನಂತೆ?"

"ಮೇಲ್ಗಡೆ ಕತ್ತರಿಸ್ತಾನಂತೆ. ಕೆಂಪು ಬಳೀತಾನಂತೆ. ಫೋಟೋ ತೆಗೆಸ್ಕೊಳ್ಳೋರಿಗೆ ಬಾಡಿಗೆಗೆ ಬಿಡ್ತಾನಂತೆ." ಪ್ರತಿ 'ಅಂತೆ'ಗೂ ಅವಳ ಹುಬ್ಬು ಒಂದೊಂದು ಮೆಟ್ಟಿಲು ಇಳಿಯಿತು. "ಅಣ್ಣ ಕೆಟ್ಟವನಲ್ಲ. ನೀನು ಒಬ್ಬಳೇ ದಾರೀಲಿ ನಿಂತ್ರೆ ಯಾರು ಬರ್ತಾರೆ ಅಂತ ಅವನ ಹೆದರಿಕೆ. ಪೆಟ್ರೋಲ್ ಎಷ್ಟಿದೆ ಅಂತಾನೂ ಹೇಳದ ಗಾಡಿ ಇದು ಅಂತಾನೆ. ಅದಂತೂ ನಿಜ."

ಅವನು ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು, ಬೆನ್ನ ಮೇಲೆ ಜಾರಿ, ಡ್ಯಾಶ್‌ಬೋರ್ಡಿನ ಕೆಳಗೆ ಸೇರಿಕೊಂಡ. ಒಂದು ಮುಳ್ಳು ಸುಳ್ಳು ಹೇಳಿದರೆ ಆ ಮೀಟರ್ ಕೆಟ್ಟಿದೆ ಎಂದರ್ಥ. ಎರಡೂ ಒಂದೇ ದಿಕ್ಕಿಗೆ ಸುಳ್ಳು ಹೇಳಿದರೆ, ಅವಕ್ಕೆ ಹೇಳಿಕೊಡುವವರು ಹಿಂದೆ ಯಾರೋ ಇದ್ದಾರೆ. ಇಂಥ ಗಾಡಿಗಳಲ್ಲಿ ಆ ಯಾರೋ ಎಂದರೆ ಬೆಂಕಿಪೊಟ್ಟಣದಷ್ಟು ದೊಡ್ಡ ತಗಡಿನ ಡಬ್ಬಿ, ಸ್ಟೆಬಿಲೈಜರ್. ಬ್ಯಾಟರಿಯಿಂದ ಬರುವ ಕರೆಂಟನ್ನು ಪಳಗಿಸಿ ಎರಡು ಮೀಟರಿಗೂ ಸಮನಾಗಿ ಹಂಚುವುದು ಅದರ ಕೆಲಸ. ಆದರೆ ಅದರ ಮೈ ಗಾಡಿಯ ಬರಿ ತಗಡಿಗೆ ತಾಗಿಕೊಂಡಿರಬೇಕು. ತಾಗದಿದ್ದರೆ ಕರೆಂಟು ಪೂರ್ತಿ ಹಾಗೇ ನುಗ್ಗುತ್ತದೆ, ಮುಳ್ಳುಗಳು ತುದಿಗೆ ಓಡುತ್ತವೆ.

ಡಬ್ಬಿ ಇತ್ತು. ಸ್ಕ್ರೂ ಇತ್ತು. ಡಬ್ಬಿಗೂ ತಗಡಿಗೂ ನಡುವೆ ಜೇನಿನ ಬಣ್ಣದ ವಾರ್ನಿಷ್, ಹೊಸದು, ಒಂದು ಗೆರೆಯೂ ತಪ್ಪದಂತೆ ಬ್ರಷ್ಷಿನಲ್ಲಿ ಹಚ್ಚಿದ್ದು.

"ಮೇಡಂ, ಇಲ್ಲಿ ಯಾರಾದ್ರೂ ಕೈ ಹಾಕಿದ್ರಾ?"

"ನಾನೇ. ಎರಡು ತಿಂಗಳಾಯ್ತು. ತುಕ್ಕು ಹಿಡೀಬಾರದು ಅಂತ ಹಿಂದೆಲ್ಲ ಬಿಚ್ಚಿ, ಒರೆಸಿ, ವಾರ್ನಿಷ್ ಹಚ್ಚಿದೆ. ನಾಲ್ಕು ಭಾನುವಾರ ಹಿಡೀತು."

ಅಲ್ಲಿಗೆ ಮುಗಿಯಿತು. ಹತ್ತು ನಿಮಿಷಕ್ಕೆ ಕೇಸ್ ಕ್ಲೋಸ್. ಉಗುರಿನಷ್ಟು ಜಾಗ ವಾರ್ನಿಷ್ ಕೆರೆದು ಸ್ಕ್ರೂ ಬಿಗಿದರೆ ಅವಳು ಥ್ಯಾಂಕ್ಸ್ ಹೇಳಿ ಹೊರಡುತ್ತಾಳೆ. ಗಾಡಿ ಮತ್ತೆ ಈ ಗಲ್ಲಿಗೆ ಬರಲು ಇನ್ನೊಂದು ಮುಳ್ಳು ಕೆಡಬೇಕು. ಇಷ್ಟು ಜೋಪಾನ ಮಾಡುವವಳ ಗಾಡಿಯಲ್ಲಿ ಅದು ಯಾವ ಕಾಲಕ್ಕೆ ಕೆಟ್ಟೀತು?

ತಲೆ ಹೊರಳಿಸಿದ. ಅವಳು ಸ್ಟೀರಿಂಗ್ ಮೇಲೆ ಗಲ್ಲ ಊರಿ ಕೆಳಗೆ ಬಗ್ಗಿ ನೋಡುತ್ತಿದ್ದಳು, ಅವನಿಗೆ ತಲೆಕೆಳಗಾಗಿ ಕಂಡಳು. ಜಡೆ ಅವನ ಮೂಗಿಗೆ ಎರಡು ಇಂಚು ದೂರದಲ್ಲಿ ತೂಗುತ್ತಿತ್ತು.

"ಸಿಕ್ತಾ?"

"ಇಲ್ಲ," ಎಂದ. ಟಾರ್ಚ್ ಬಾಯಿಂದ ಬಿತ್ತು. "ಕಷ್ಟದ ಕೇಸು ಮೇಡಂ. ನಾಳೆ ಸಂಜೆ ಬನ್ನಿ."

*

ಮರುದಿನ ಬಂದಳು. ಅದರ ಮರುದಿನವೂ. ಐದು ಗಂಟೆಗೆ ಕಚೇರಿ ಮುಗಿದರೆ ಐದೂಕಾಲಿಗೆ ಗಲ್ಲಿಯ ತುದಿಯಲ್ಲಿ ಆ ಬೂದಿಹಸಿರು ಮೂತಿ ಕಾಣುತ್ತಿತ್ತು.

ಅಂಗಡಿಯ ಗೋಡೆಗೆ ಹಳೆ ಕಾರುಗಳಿಂದ ಬಿಚ್ಚಿದ ಗಡಿಯಾರಗಳು ಏಳಿದ್ದವು. ಏಳಕ್ಕೂ ಏಳು ಟೈಮು. ಯಾವುದರಲ್ಲಿ ಐದೂಕಾಲು ಮೊದಲು ಆಗುತ್ತದೋ ಅದನ್ನೇ ಅವನು ನಂಬುತ್ತಿದ್ದ. ಮೂರು ಗಂಟೆಗೇ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬಾಗಿಲಿಗೆ ಹೋಗುವುದು, ಬರುವುದು, ಒರೆಸಿದ ಗಾಜನ್ನೇ ಮತ್ತೆ ಒರೆಸುವುದು.

"ಲೋ, ಸ್ಟೂಲಿಗೆ ಮುಳ್ಳು ನೆಟ್ಟಿದ್ಯಾ?" ಅಕ್ಕ ದಾರ ಕಚ್ಚಿ ತುಂಡರಿಸುತ್ತ ಕೇಳಿದಳು. "ಕೂತ್ಕೊಳ್ಳೋ! ನೋಡಿ ನೋಡಿ ನನಗೆ ತಲೆ ಸುತ್ತುತ್ತಿದೆ."

"ಕಷ್ಟದ ಕೇಸು ಅಕ್ಕ."

"ಕಾಣ್ತಿದೆ. ಗಾಡಿಗೆ ಏನಾಗಿದೆಯೋ ಗೊತ್ತಿಲ್ಲ, ಮೆಕ್ಯಾನಿಕ್ ಅಂತೂ ಪೂರ್ತಿ ಹೋಗಿದಾನೆ."

ಎರಡನೆಯ ದಿನ ಅವಳು ಒಂದು ದಪ್ಪ ಕಾಗದದ ಕಾರ್ಡು ತಂದಳು. "ನಮ್ಮಲ್ಲಿ ಪ್ರತಿ ಕಾಗದಕ್ಕೂ ಒಂದು ಕೆಲಸದ ಚೀಟಿ ಇರುತ್ತೆ. ಯಾವತ್ತು, ಏನು ಮಾಡಿದೆ, ಯಾಕೆ ಮಾಡಿದೆ. ಮುಂದೆ ಯಾರೋ ಬಿಚ್ಚಿ ನೋಡಿದಾಗ ಅವರಿಗೆ ಗೊತ್ತಾಗ್ಬೇಕಲ್ಲ. ಗಾಡಿಗೂ ಬರೀರಿ."

"ಬರೀಲೇಬೇಕಾ?"

"ಬರೆಯದೆ ಮಾಡಿದ ರಿಪೇರಿ ಕಳ್ಳತನ ಅಂತಾರೆ ನಮ್ಮ ಮೇಲಿನವರು."

ಅವನು ಬರೆದ. ಮುದ್ದಾದ ಅಕ್ಷರದಲ್ಲಿ, ದಿನಕ್ಕೊಂದು ಸುಳ್ಳು. ಎರಡನೇ ದಿನ: ವೈರುಗಳ ಪರೀಕ್ಷೆ, ದೋಷ ಸಿಗಲಿಲ್ಲ. ಮೂರನೇ ದಿನ: ಟ್ಯಾಂಕಿನ ತೇಲುಬುರುಡೆ ಬಿಚ್ಚಿ ಸ್ವಚ್ಛ ಮಾಡಿದೆ, ಪ್ರಯೋಜನವಿಲ್ಲ. ನಾಲ್ಕನೇ ದಿನ: ಮೀಟರ್ ಬಿಚ್ಚಿ ಬಲ್ಬಿನಿಂದ ಪರೀಕ್ಷೆ, ಅನುಮಾನ ಇದೆ.

ನಾಲ್ಕನೇ ದಿನದ ಪರೀಕ್ಷೆಗೆ ಅವಳು ವೈರ್ ಹಿಡಿಯಬೇಕಿತ್ತು. ಹಿಡಿಯಬೇಕಿತ್ತು ಎಂದು ಅವನೇ ನಿಯಮ ಮಾಡಿದ. ಇಬ್ಬರ ತಲೆಯೂ ಒಂದೇ ಸಣ್ಣ ಗೂಡಿನೊಳಗೆ. ಅವಳ ಬೆರಳಲ್ಲಿ ಗೋಧಿ ಅಂಟಿನ ತೆಳ್ಳನೆಯ ವಾಸನೆ.

"ಈಗ ಬಲ್ಬ್ ಹತ್ಬೇಕಾ?"

"ಹತ್ಬೇಕು."

"ಹತ್ತಿದೆಯಲ್ಲ."

"ಹೌದಾ? ನಾನು ನೋಡ್ಲಿಲ್ಲ."

"ಬಲ್ಬು ಅಲ್ಲಿದೆ. ನೀವು ಇಲ್ಲಿ ನೋಡ್ತಿದೀರ."

"ಅಲ್ಲಿಂದ ಬೆಳಕು ಇಲ್ಲಿಗೆ ಬೀಳ್ತಿದೆ ಮೇಡಂ," ಎಂದ. "ಎಲ್ಲಿ ಬಿತ್ತು ಅಂತ ಚೆಕ್ ಮಾಡೋದೂ ಕೆಲಸಾನೇ."

ಅವಳು ನಗಲಿಲ್ಲ. ಕೆಳತುಟಿಯನ್ನು ಒಳಗೆಳೆದು, ವೈರನ್ನು ಎರಡೂ ಕೈಯಿಂದ ಹಿಡಿದು, ಬಹಳ ಗಂಭೀರವಾಗಿ ಗಾಜಿನ ಹೊರಗೆ ನೋಡಿದಳು. ಕಿವಿ ಮಾತ್ರ ಅವಳ ಮಾತು ಕೇಳದೆ ಕೆಂಪಾಯಿತು.

ಗಾಡಿಯ ವೈರಿಂಗಿನ ನಕಾಶೆ ಅವನ ಹತ್ತಿರ ಒಂದಿತ್ತು. ಎಣ್ಣೆ ಕುಡಿದು, ಮಡಿಕೆಗಳಲ್ಲಿ ಹರಿದು, ನಾಲ್ಕು ತುಂಡಾಗಿ ಒಂದರ ಮೇಲೊಂದು ಬಿದ್ದಿರುತ್ತಿತ್ತು. ಏಳನೇ ದಿನ ಅವಳು ಅದನ್ನು ಕೇಳಿ ಒಯ್ದಳು. ಎಂಟನೇ ದಿನ ತಂದು ಬೆಂಚಿನ ಮೇಲೆ ಬಿಡಿಸಿದಾಗ ಅದು ಒಂದೇ ಹಾಳೆ. ಹರಿದ ಜಾಗಕ್ಕೆ ಉಸಿರಿಗೆ ಹಾರುವಷ್ಟು ತೆಳುವಾದ ಕಾಗದ ಅಂಟಿಸಿದ್ದಳು. ಹಿಂದುಗಡೆ ಪುಟ್ಟ ಚೀಟಿ: 'ಮೂರು ಹರಿದ ಮಡಿಕೆ. ಗೋಧಿ ಅಂಟು. ನೀರು ಮುಟ್ಟಿಸಿದರೆ ಬಿಡುತ್ತದೆ. ಎಡಮೂಲೆಯ ಎಣ್ಣೆ ಕಲೆ ತೆಗೆದಿಲ್ಲ. ಅದು ಹೆಬ್ಬೆರಳಿನ ಗುರುತು, ಇರಲಿ.'

ಆ ಹೆಬ್ಬೆರಳು ಅವನ ಅಪ್ಪನದು. ಈ ಅಂಗಡಿ ತೆರೆದವರು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಕೈ ಒರೆಸಿಕೊಂಡು ನಕಾಶೆಯ ಅಂಚು ಹಿಡಿದ. ಆಗ ತನ್ನ ಚೀಟಿ ನೆನಪಾಯಿತು.

ಒಂಬತ್ತನೇ ದಿನ ಶುಕ್ರವಾರ. ಅವಳು ಕೈ ತೊಳೆಯಲು ಹಿತ್ತಿಲಿಗೆ ಹೋಗುತ್ತ ಹೇಳಿದಳು: "ನಾಳೆ ರಜ. ಊರಾಚೆ ಸ್ವಲ್ಪ ದೂರ ಓಡಿಸಿ ನೋಡ್ತೀನಿ. ಕೊನೇ ಭಾನುವಾರಕ್ಕೆ ಮೊದಲು ಅಭ್ಯಾಸ ಆಗ್ಬೇಕಲ್ಲ."

ಟ್ಯಾಂಕಲ್ಲಿ ಪೆಟ್ರೋಲ್ ಎಷ್ಟಿದೆ ಎಂದು ಗೊತ್ತಿಲ್ಲದೆ ಇವಳು ಊರಾಚೆ ಹೋಗುತ್ತಾಳೆ. ಅವನು ಯೋಚಿಸಲೇ ಇಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ನುಗ್ಗಿ, ಉಪ್ಪು ಕಾಗದದಿಂದ ಉಗುರಿನಷ್ಟು ವಾರ್ನಿಷ್ ಉಜ್ಜಿ, ಸ್ಕ್ರೂ ಬಿಗಿದು ಎದ್ದ. ಕೀ ತಿರುಗಿಸಿದ. ಮುಳ್ಳುಗಳು ಎದ್ದವು, ತಮ್ಮ ತಮ್ಮ ಜಾಗದಲ್ಲಿ ಮರ್ಯಾದೆಯಿಂದ ನಿಂತವು.

"ಅಯ್ಯೋ! ಸರಿ ಹೋಯ್ತಾ?"

ಒದ್ದೆ ಕೈ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮುಖವೆಲ್ಲ ಅರಳಿತ್ತು. ಹೌದು ಎಂದರೆ ಸಾಕು. ಹೌದು ಎಂದರೆ ಸೋಮವಾರ ಐದೂಕಾಲಿಗೆ ಗಲ್ಲಿ ಖಾಲಿ.

"ಸತ್ಯ ಹೇಳೋ ಹಾಗೆ ನಟಿಸ್ತಿದೆ ಮೇಡಂ," ಎಂದ. "ನಂಬ್ಬೇಡಿ. ಸೋಮವಾರ ಒಂದ್ಸಲ ಬನ್ನಿ."

*

ಶನಿವಾರ ಮೂರೂವರೆಗೆ ಫೋನ್ ಬಂತು. ಅವನು ಬೈಕ್ ಹೇಗೆ ಓಡಿಸಿದನೋ ಅವನಿಗೇ ಗೊತ್ತಿಲ್ಲ.

ಊರು ದಾಟಿ ಎಂಟು ಕಿಲೋಮೀಟರಿಗೆ ಗಾಡಿ ನಿಂತಿತ್ತು. ಬಾನೆಟ್ ತೆರೆದಿತ್ತು, ಕೆಳಗೆ ನೀರು ಹರಿದಿತ್ತು. ಅವಳು ಮೋರಿಯ ಕಟ್ಟೆ ಮೇಲೆ ಕುಳಿತಿದ್ದಳು. ಬಲಗೈ ಮಣಿಕಟ್ಟಿಗೆ ಒದ್ದೆ ಕರವಸ್ತ್ರ ಸುತ್ತಿತ್ತು.

"ಹೋಸ್ ಪೈಪು ಬಾಯಿ ಬಿಡ್ತು," ಎಂದಳು. "ಕಾರ್ಖಾನೆಯ ಗುರುತಿದ್ದದ್ದು. ಅದೂ ಹೋಯ್ತು. ಬಾನೆಟ್ ಎತ್ತಿದೆ, ಹಬೆ ಕೈಗೆ ಹೊಡೀತು."

"ಡಾಕ್ಟರ್ ಹತ್ರ..."

"ಮುಳ್ಳು ಮೇಲೆ ಹೋಗ್ತಾನೇ ಇತ್ತು. ನೋಡ್ದೆ. ನೀವು ಹೇಳಿದ್ರಲ್ಲ, ನಟಿಸ್ತಿದೆ ಅಂತ." ಅವಳು ಸ್ವಲ್ಪ ನಕ್ಕಳು. ಆ ನಗು ನೋಡಲಾಗುತ್ತಿರಲಿಲ್ಲ. "ನಾನು ಅದಕ್ಕೆ ಬೈದೆ ಕೂಡ. 'ಸಾಕು ನಿನ್ನ ನಾಟಕ' ಅಂತ. ಬೈತಾ ಇನ್ನೂ ಎರಡು ಕಿಲೋಮೀಟರ್ ಓಡಿಸ್ದೆ."

ಅವನು ಕಟ್ಟೆಯ ಪಕ್ಕ ನೆಲದಲ್ಲೇ ಕುಳಿತ.

"ಅದು ನಟಿಸ್ತಿರಲಿಲ್ಲ. ನಾನು ನಟಿಸ್ತಿದ್ದೆ. ನಿನ್ನೆ ನೀವು ಕೈ ತೊಳೆಯೋಕೆ ಹೋದಾಗ ಸರಿ ಮಾಡ್ದೆ."

"ನಿನ್ನೆ ಸಿಕ್ತಾ ಕಾರಣ?"

ಇಲ್ಲಿ ಹೌದು ಎಂದಿದ್ದರೂ ನಡೆಯುತ್ತಿತ್ತು. ಆಸೆಯೂ ಆಯಿತು.

"ಇಲ್ಲ. ಮೊದಲನೇ ದಿನ. ಹತ್ತು ನಿಮಿಷಕ್ಕೆ."

ಲಾರಿಯೊಂದು ಹಾದು ಹೋಯಿತು. ಅದರ ಧೂಳನ್ನು ಅವಳು ಎಡಗೈಯಿಂದ ಮುಖದ ಮೇಲಿಂದ ಒರೆಸಿಕೊಂಡಳು.

"ಏನು ಕಾರಣ?"

"ನೀವು ಹಚ್ಚಿದ ವಾರ್ನಿಷ್. ಡಬ್ಬಿ ತಗಡಿಗೆ ತಾಗ್ತಿರಲಿಲ್ಲ. ನಿಮಗೆ ಬೇಜಾರಾಗುತ್ತೆ ಅಂತ..."

"ನೆಪ."

"ನೆಪ," ಒಪ್ಪಿಕೊಂಡ. "ಹೇಳಿದ್ರೆ ನೀವು ಮತ್ತೆ ಬರ್ತಿರಲಿಲ್ಲ."

ಅವಳು ಎದ್ದು, ಎಡಗೈಯಿಂದ ಡ್ಯಾಶ್‌ಬೋರ್ಡಿನ ಗೂಡು ತೆಗೆದು ಕಾರ್ಡು ಎತ್ತಿಕೊಂಡಳು. ನಿಂತಲ್ಲೇ ಎಲ್ಲ ಸಾಲನ್ನೂ ಓದಿದಳು. ಬೇರೆ ಯಾರಾದರೂ ಹರಿದು ಮುಖಕ್ಕೆ ಎಸೆಯುತ್ತಿದ್ದರು. ಕಾಗದ ಹರಿಯುವುದು ಅವಳ ಕೈಗೆ ಬರುವುದಿಲ್ಲ. ನೀಟಾಗಿ ಮಡಿಸಿ ಅವನ ಅಂಗಿಯ ಜೇಬಿಗೆ ಹಾಕಿದಳು.

"ಗಾಡಿ ಬೇರೆಯವರ ಹತ್ರ ಎಳೆಸ್ತೀನಿ. ನೀವು ಹೊರಡಿ."

*

ಹದಿನೈದು ದಿನ. ಗೋಡೆಯಲ್ಲಿ ದಿನಕ್ಕೆ ಏಳು ಸಲ ಐದೂಕಾಲು ಆಗುತ್ತಿತ್ತು, ಏಳು ಸಲವೂ ಅವನು ಬಾಗಿಲಿಗೆ ಹೋಗುತ್ತಿದ್ದ. ಆರು ದಿನ ಅವನು ಇದ್ದದ್ದೇ ಹೀಗೆ. ಸ್ಕ್ರೂ ಬಿಗಿಯಲು ಹೋಗಿ ಅದರ ಥ್ರೆಡ್ಡನ್ನೇ ಸವೆಸಿಬಿಟ್ಟ. ಯಾರದೋ ಸ್ಪೀಡ್ ಮೀಟರಿನ ಮುಳ್ಳು ತಲೆಕೆಳಗೆ ಹಾಕಿದ, ನಿಂತ ಗಾಡಿ ನೂರರಲ್ಲಿ ಓಡಿತು. ಕೊನೆಗೆ ಅಕ್ಕ ಮಿಷನ್ ನಿಲ್ಲಿಸಿ, ಟೇಪನ್ನು ಕೊರಳಿಗೆ ಹಾಕಿಕೊಂಡು ಮುಂದೆ ಬಂದು ನಿಂತಳು. ಅವನು ಎಲ್ಲ ಹೇಳಿದ. ಅವಳು ಟೇಪಿನಲ್ಲೇ ಎರಡು ಬಿಟ್ಟಳು.

"ಆ ಹುಡುಗಿ ಬ್ರಷ್ ಹಿಡಿಯೋ ಕೈ ಕಣೋ ಅದು!"

"ಸಾರಿ ಹೇಳ್ದೆ ಅಕ್ಕ. ಮೆಸೇಜೂ ಕಳಿಸ್ದೆ, ಹನ್ನೊಂದು."

"ಸಾರೀನ ಬಸ್ಸಲ್ಲಿ ಕಾಲು ತುಳಿದ್ರೂ ಹೇಳ್ತಾರೆ. ಏನ್ ಮಾಡ್ದೆ ಅಂತ ಹೇಳು. ಹಾರ ತುರಾಯಿ ಇಲ್ಲದೆ ಹೇಳು."

ಅವನು ಹೊಸ ಕಾರ್ಡು ತಂದು ಬರೆಯಲು ಕುಳಿತ. ಈ ಸಲ ಅಕ್ಷರ ಮುದ್ದಾಗಿ ಬರಲಿಲ್ಲ.

'ಮೊದಲ ದಿನ: ದೋಷ ಗೊತ್ತಾಯಿತು. ಇಲ್ಲ ಎಂದು ಹೇಳಿದೆ. ಕಾರಣ: ಸ್ಟೀರಿಂಗ್ ಮೇಲೆ ಗಲ್ಲ ಇಟ್ಟು ನೋಡುತ್ತಿದ್ದರು.
ಎರಡು, ಮೂರು: ಕೆಲಸ ಏನೂ ಮಾಡಿಲ್ಲ. ವೈರು ಚೆನ್ನಾಗಿತ್ತು. ತೇಲುಬುರುಡೆ ಚೆನ್ನಾಗಿತ್ತು.
ನಾಲ್ಕು: ಬಲ್ಬಿನ ಪರೀಕ್ಷೆ ಬೇಕಿರಲಿಲ್ಲ.
ಐದು: ಒಂದು ಸಲ ನಕ್ಕರು. ಕೆಲಸ ಏನೂ ಮಾಡಿಲ್ಲ.
ಆರು, ಏಳು: ಹೇಳಬೇಕೆಂದುಕೊಂಡೆ. ಹೇಳಲಿಲ್ಲ.
ಎಂಟು: ಅಪ್ಪನ ಹೆಬ್ಬೆರಳಿನ ಗುರುತನ್ನು ಉಳಿಸಿ ತಂದರು. ಆಗಲೂ ಹೇಳಲಿಲ್ಲ.
ಒಂಬತ್ತು: ಉಗುರಿನಷ್ಟು ವಾರ್ನಿಷ್ ಕೆರೆದೆ. ಡಬ್ಬಿ ಹಳೆಯದೇ, ಸ್ಕ್ರೂ ಹಳೆಯದೇ. ಎರಡು ಮೀಟರೂ ಸರಿಯಾದವು. ಸರಿಯಿಲ್ಲ ಎಂದೆ.
ಹತ್ತು: ಅವರ ಕೈ ಸುಟ್ಟಿತು. ಇದನ್ನು ತೆಗೆಯಲು ಬರುವುದಿಲ್ಲ.'

ಅದನ್ನು ಅವಳ ಕಚೇರಿಯ ಕಿಟಕಿಯಲ್ಲಿ ಕೊಟ್ಟು, ಹಿಂತಿರುಗಿ ನೋಡದೆ ಬಂದ. ಸೋಮವಾರ ಉತ್ತರ ಇಲ್ಲ. ಬುಧವಾರ ಇಲ್ಲ. ಶುಕ್ರವಾರ ಅವನು ಗಡಿಯಾರ ಏಳನ್ನೂ ಗೋಡೆಯಿಂದ ಇಳಿಸಿ ಡಬ್ಬಕ್ಕೆ ಹಾಕಿದ. ಆದರೂ ಕಾಲು ನಿಲ್ಲಲಿಲ್ಲ.

ತಿಂಗಳ ಕೊನೆಯ ಶನಿವಾರ ಸಂಜೆ ಅವಳು ನಡೆದುಕೊಂಡು ಬಂದಳು. ಮಣಿಕಟ್ಟಿನಲ್ಲಿ ಹೊಸ ಚರ್ಮ, ತಿಳಿ ಗುಲಾಬಿ. ಕಾರ್ಡನ್ನು ಬೆಂಚಿನ ಮೇಲಿಟ್ಟಳು. ಐದನೇ ದಿನದ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಏನೋ ಬರೆದಿತ್ತು: 'ಎರಡು ಸಲ.'

"ಒಂದೇ ಸಲ ಅಲ್ವಾ?" ಅವನು ಕಾರ್ಡಿನ ಮೇಲೆ ಬಗ್ಗಿದ.

"ಇನ್ನೊಂದ್ಸಲ ನೀವು ಡ್ಯಾಶ್‌ಬೋರ್ಡ್ ಕೆಳಗಿದ್ರಿ. ದಾಖಲೆ ತಪ್ಪಿರಬಾರದು." ಅವಳು ನಗಲಿಲ್ಲ. "ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ. ಹೊಸ ಹೋಸ್ ಹಾಕ್ಸಿದೀನಿ. ಮುಳ್ಳು ಎರಡೂ ಸರಿ ಇವೆ, ಅಲ್ಲಿ ಮೂರು ಸಲ ನೋಡಿಸಿದೆ. ಆದ್ರೂ ನನಗೆ ನಂಬೋಕೆ ಆಗ್ತಿಲ್ಲ. ಪ್ರತಿ ಸಲ ನೋಡಿದಾಗ, ಇದು ನಿಜಾನಾ ಅಂತ ಎದೆ ಹೊಡ್ಕೊಳುತ್ತೆ. ನಾಳೆ ನೂರಿಪ್ಪತ್ತು ಕಿಲೋಮೀಟರ್ ಹೀಗೆ ಓಡಿಸೋಕಾಗಲ್ಲ. ಇದನ್ನ ಕೆಡಿಸಿದ್ದು ನೀವು."

"ಹೌದು."

"ಪಕ್ಕದಲ್ಲಿ ಕೂತು ಮುಳ್ಳು ಓದಿ ಹೇಳಿ. ಇದ್ದದ್ದು ಇದ್ದ ಹಾಗೆ. ಡೈಲಾಗ್ ಬೇಡ."

ಅಕ್ಕ ಒಳಗಿಂದಲೇ ಕೂಗಿದಳು: "ಅವನು ಬರ್ತಾನಮ್ಮ! ಎಷ್ಟು ಗಂಟೆಗೆ?"

*

ಬೆಳಗ್ಗೆ ಎಂಟೂವರೆಗೆ ಹೊರಟರು. ಐದೈದು ನಿಮಿಷಕ್ಕೆ ಅವನು ಓದಿದ. "ಪೆಟ್ರೋಲ್ ಮುಕ್ಕಾಲು. ಬಿಸಿ ಅರ್ಧಕ್ಕಿಂತ ಕಡಿಮೆ." ಮಧ್ಯೆ ಒಂದು ಮಾತಿಲ್ಲ. ಬಾಯಿ ತುಂಬ ಮಾತು ಇಟ್ಟುಕೊಂಡು ಸುಮ್ಮನಿರುವುದು ಅವನಿಗೆ ಹುಟ್ಟಿದ ಮೇಲೆ ಇದೇ ಮೊದಲು. ಅವಳು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ, ಆದರೆ ಅವನು ಓದುವುದು ಅರ್ಧ ನಿಮಿಷ ತಡವಾದರೆ ಸ್ಟೀರಿಂಗ್ ಮೇಲೆ ಅವಳ ಬೆರಳು ತಟ್ಟಲು ಶುರುವಾಗುತ್ತಿತ್ತು.

ಘಟ್ಟ ಶುರುವಾದಾಗ ಹತ್ತೂ ಐವತ್ತು.

ಎರಡನೇ ತಿರುವಿಗೆ ಮುಳ್ಳು ಅರ್ಧ ದಾಟಿತು. ಓದಿದ. ನಾಲ್ಕನೆಯದಕ್ಕೆ ಇನ್ನೊಂದು ಕೂದಲು ಮೇಲೆ. ಅದನ್ನೂ ಓದಿದ. ಆರನೆಯದು ತಿರುಗುವಾಗ ಮುಳ್ಳು ಮುಕ್ಕಾಲಿಗೆ ಬಂತು.

ಇನ್ನು ಮೂರೇ ತಿರುವು. ಆಮೇಲೆ ಇಳಿಜಾರು, ತಾನಾಗಿ ತಣಿಯಬಹುದು. ಈಗ ನಿಂತರೆ ಎಂಜಿನ್ ಆರಲು ನಲವತ್ತು ನಿಮಿಷ ಬೇಕು. ಹನ್ನೆರಡು ಗಂಟೆ ತಪ್ಪುತ್ತದೆ. ಕತ್ತರಿ ಹಿಡಿದ ಆಸಾಮಿ ಅಲ್ಲಿ ಕಾಯುತ್ತಿದ್ದಾನೆ. ತಾನು ಸುಮ್ಮನಿದ್ದರೆ ಗಾಡಿ ಉಳಿದರೂ ಉಳಿದೀತು, ಅವಳಿಗೆ ಗೊತ್ತೂ ಆಗುವುದಿಲ್ಲ.

"ಮುಕ್ಕಾಲು ದಾಟ್ತು," ಎಂದ. "ನಿಲ್ಸಿ."

ಅವಳು ನಿಲ್ಲಿಸಿದಳು. ಡ್ಯಾಶ್‌ಬೋರ್ಡನ್ನು ನೋಡಲೇ ಇಲ್ಲ. ಯಾಕೆ ಎಂದೂ ಕೇಳಲಿಲ್ಲ. ಕೀ ತಿರುಗಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು.

ಅವನು ಇಳಿದು ಬಾನೆಟ್ ಎತ್ತಿದ. ಸೋರಿಕೆ ಇಲ್ಲ, ಹಬೆ ಇಲ್ಲ. ಹಳೆ ಎಂಜಿನ್ನು, ಕಡಿದಾದ ಏರು, ಅಷ್ಟೇ. ಕಲ್ಲೆರಡನ್ನು ಚಕ್ರಕ್ಕೆ ಕೊಟ್ಟ. ಮತ್ತೆ ಮಾಡಲು ಏನೂ ಇರಲಿಲ್ಲ, ಹಾಗಾಗಿ ನಡೆಯತೊಡಗಿದ. ಮೈಲಿಗಲ್ಲಿನವರೆಗೆ, ವಾಪಸ್ಸು. ಮೈಲಿಗಲ್ಲಿನವರೆಗೆ, ವಾಪಸ್ಸು.

"ಎಷ್ಟು ಹೆಜ್ಜೆ?" ತೆರೆದ ಬಾಗಿಲಲ್ಲಿ ಕಾಲು ಹೊರಗಿಟ್ಟು ಕುಳಿತಿದ್ದ ಅವಳು ಕೇಳಿದಳು.

"ನಲವತ್ತೆರಡು. ನಿಮ್ಮ ಗಾಡಿ ಹೋಯ್ತು ನನ್ನಿಂದ."

"ಮೂರು ತಿರುವು ಇತ್ತು, ನನಗೂ ಗೊತ್ತು. ಸುಮ್ಮನಿರಬಹುದಿತ್ತು ನೀವು."

"ಇರಬಹುದಿತ್ತು."

"ಯಾಕಿರಲಿಲ್ಲ?"

ಅವನು ನಿಂತ. ನೂರು ಡೈಲಾಗ್ ಬಾಗಿಲ ಹತ್ತಿರ ಬಂದು ನೂಕಾಡಿದವು. ಎಲ್ಲವನ್ನೂ ಒಳಗೇ ಹಾಕಿ ಚಿಲಕ ಇಟ್ಟ.

"ನೀವು ನನ್ನ ಮಾತು ನಂಬ್ಬೇಕು ನನಗೆ. ಗಾಡಿ ಹೋದ್ರೂ. ನೀವು ನನ್ನ ಮೇಲೆ ಎಷ್ಟು ಕೋಪ ಮಾಡ್ಕೊಂಡ್ರೂ ಪರವಾಗಿಲ್ಲ, ನಂಬ್ಬೇಕು. ನೀವಂದ್ರೆ ನನಗೆ ತುಂಬ ಇಷ್ಟ. ಈ ಹದಿನೈದು ದಿನ ನಾನು ಒಂದು ಕಡೆ ಕೂತಿಲ್ಲ."

ಅವಳು ತುಸು ಒಳಗೆ ಸರಿದು, ಬಾಗಿಲ ಬಳಿ ಸೀಟಿನ ಅಂಚಿನಲ್ಲಿ ಒಬ್ಬರಿಗಾಗುವಷ್ಟು ಜಾಗ ಮಾಡಿದಳು. "ಕೂತ್ಕೊಳ್ಳಿ ಹಾಗಾದ್ರೆ."

ಅವನು ಕುಳಿತ. ಭುಜಕ್ಕೆ ಭುಜ ತಾಗಿತು. ಇಬ್ಬರೂ ಸರಿಯಲಿಲ್ಲ.

ಅವಳು ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ಅಣ್ಣ, ತಡ ಆಗುತ್ತೆ. ಹನ್ನೆರಡಕ್ಕೆ ಬರೋಕಾಗಲ್ಲ."

"ಕೆಡ್ತಾ? ನಾನು ಹೇಳಿರಲಿಲ್ವಾ! ಎಲ್ಲಿದೀಯ? ಇದ್ದಲ್ಲೇ ಇರು, ನಾ ಬರ್ತೀನಿ. ಕೈಗೇನೂ ಆಗಿಲ್ಲ ತಾನೆ ಮತ್ತೆ?"

"ಕೆಟ್ಟಿಲ್ಲ. ಏರಿನಲ್ಲಿ ಬಿಸಿ ಆಗ್ತಿತ್ತು, ಮುಳ್ಳು ತೋರಿಸ್ತು, ಮೊದಲೇ ನಿಲ್ಲಿಸಿದ್ವಿ. ತಣ್ಣಗಾದ ಮೇಲೆ ಹೊರಡ್ತೀವಿ."

ಆ ಕಡೆ ಒಂದು ಉಸಿರು ಹೊರಬಿತ್ತು. ಉದ್ದನೆಯದು.

"ಮೊದಲೇ ತೋರಿಸ್ತಾ?"

"ಹೂಂ."

"ಮುಂಚೇನೇ ಹೇಳೋ ಗಾಡಿ ಆದ್ರೆ ನನ್ನದೇನು ತಕರಾರು... ನೀನು ಒಬ್ಬಳೇ ನಿಂತು ಅಳಬಾರದು ಅಂತಿತ್ತು, ಅಷ್ಟೇ. ಸರಿ, ಇಲ್ಲಿ ಬಂದು ಕೂತಿರೋ ಈ ಮಹಾಶಯನಿಗೆ ಕಾಫಿ ಕೊಟ್ಟು ಕಳಿಸ್ತೀನಿ." ಆಮೇಲೆ ಏನೋ ಹೊಳೆದಂತೆ, "ಏಯ್, 'ನಿಲ್ಲಿಸಿದ್ವಿ' ಅಂದ್ಯಲ್ಲ. ಯಾರು ಜೊತೇಲಿ?"

ಅವಳು ಪಕ್ಕಕ್ಕೆ ತಿರುಗಿದಳು. ಇಷ್ಟು ಹತ್ತಿರದಿಂದ ಅವಳ ಕಣ್ಣನ್ನು ಅವನು ನೋಡಿರಲಿಲ್ಲ. ಅದರಲ್ಲಿ ತುಂಟತನವೂ ಇತ್ತು, ಇನ್ನೂ ಪೂರ್ತಿ ಆರದ ಕೋಪವೂ ಇತ್ತು.

"ಬಂದ ಮೇಲೆ ಪರಿಚಯ ಮಾಡಿಸ್ತೀನಿ," ಎಂದು ಫೋನ್ ಇಟ್ಟಳು.

"ಏನಂತ ಪರಿಚಯ ಮಾಡಿಸ್ತೀರಿ?"

"ಇನ್ನೂ ಮೂವತ್ತು ಕಿಲೋಮೀಟರ್ ಇದೆ. ಯೋಚನೆ ಮಾಡ್ತೀನಿ," ಎಂದಳು. ಅವನ ಒರಟು ಕೈಯನ್ನು ಎತ್ತಿ ತನ್ನ ಮಡಿಲಿಗೆ ತೆಗೆದುಕೊಂಡು, ಹಳೆಯ ಕಾಗದವನ್ನು ಬಿಡಿಸುವ ನಿಧಾನದಲ್ಲಿ, ಒಂದೊಂದೇ ಬೆರಳು ಬಿಡಿಸತೊಡಗಿದಳು.